ಬಯಕೆಯೂ ನಾಲೆಯ ನೀರೂ

ಬೆಳಿಗ್ಗೆ ಮೂರು ಸಲ, ಮಧ್ಯಾಹ್ನ ಆರು ಸಲ, ರಾತ್ರಿ ಒಂಬತ್ತು ಸಲ ನಿಮ್ಮ ಬಯಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೇಕಾದ ಕಾರಿನ ಚಿತ್ರವನ್ನು ಎದ್ದ ಕೂಡಲೇ ಕಾಣುವ ಗೋಡೆಗೆ ಅಂಟಿಸಿ. ಹಣ ಬರದಿದ್ದರೂ ಬಂದಾಯಿತೆಂದೇ ಹೇಳಿ, ವಿಶ್ವಕ್ಕೆ ಧನ್ಯವಾದ ಅರ್ಪಿಸಿ. ಸಂಶಯ ಮಾತ್ರ ಪಡಬೇಡಿ, ಪಟ್ಟರೆ ಬರುತ್ತಿದ್ದದ್ದೂ ಹಿಂದಕ್ಕೆ ಹೋಗುತ್ತದೆ. ಮ್ಯಾನಿಫೆಸ್ಟೇಷನ್ ಎಂಬ ಈ ಉಪದೇಶ ಈಗ ಕನ್ನಡದ ವಿಡಿಯೊಗಳಾಗಿ ಹಳ್ಳಿಹಳ್ಳಿಯ ಮೊಬೈಲುಗಳನ್ನು ತಲುಪಿದೆ. ಕಪಿಲೆ (ಕಬಿನಿ) ಹರಿದು ಕಾವೇರಿಯನ್ನು ಸೇರುವ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಇದನ್ನು ಪರೀಕ್ಷಿಸಬೇಕೆಂದು ನನಗನಿಸಿದೆ. ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಈ ಕ್ಷೇತ್ರದ ಪುಣ್ಯ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಜನರ ನಂಬಿಕೆ. ಪುಣ್ಯವನ್ನೂ ತೂಗಿ ನೋಡುವ ಸೀಮೆಯಲ್ಲಿ ಸಂಪತ್ತಿನ ಉಪದೇಶವನ್ನು ತೂಗದೆ ಬಿಡಬಾರದು.

ಈ ಪಂಥವನ್ನು ನಾನು ವಿರೋಧಿಸುತ್ತೇನೆ. ಅದು ಹೇಳುವುದು ನಿಜವಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಸೋತವನ ಸೋಲಿಗೆ ಅವನ ಮನಸ್ಸನ್ನೇ ಅಪರಾಧಿಯಾಗಿ ನಿಲ್ಲಿಸುವ ಅದರ ಒಳತರ್ಕ.

ಇದು ನಮ್ಮ ಋಷಿಗಳ ಗುಟ್ಟು ಎಂದು ಅನೇಕ ಉಪನ್ಯಾಸಕರು ಹೇಳುವುದುಂಟು. ಇದರ ವಂಶಾವಳಿ ಬೇರೆಯೇ ಇದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗಡಿಯಾರ ಮಾಡುವ ಕಸುಬಿನಿಂದ ಬಂದ ಫಿನಿಯಾಸ್ ಕ್ವಿಂಬಿ ಎಂಬಾತ, ರೋಗದ ಬೇರು ತಪ್ಪು ನಂಬಿಕೆಯಲ್ಲಿದೆ, ನಂಬಿಕೆ ತಿದ್ದಿದರೆ ರೋಗ ವಾಸಿಯಾಗುತ್ತದೆ ಎಂದು ಚಿಕಿತ್ಸೆ ಮಾಡುತ್ತಿದ್ದ. ಅವನ ವಿಚಾರದಿಂದ ‘ನ್ಯೂ ಥಾಟ್’ ಎಂಬ ಚಳವಳಿ ಹುಟ್ಟಿತು. ಕಾಯಿಲೆಗೆ ಹೇಳಿದ್ದನ್ನು ಬಡತನಕ್ಕೂ ಹೇಳಲು ತಡವಾಗಲಿಲ್ಲ. ವಿಲಿಯಂ ವಾಕರ್ ಅಟ್ಕಿನ್‌ಸನ್ 1906ರಲ್ಲಿ ಆಕರ್ಷಣೆಯ ನಿಯಮದ ಮೇಲೆ ಪುಸ್ತಕ ಬರೆದ. ಅದೇ ಅಟ್ಕಿನ್‌ಸನ್ ‘ಯೋಗಿ ರಾಮಚರಕ’ ಎಂಬ ಹೆಸರಿನಲ್ಲೂ ಪುಸ್ತಕಗಳನ್ನು ಪ್ರಕಟಿಸಿದ. ಭಾರತದ ಗುಟ್ಟೆಂದು ಓದುಗರು ಕೊಂಡದ್ದನ್ನು ಬರೆದವನು ಅಮೆರಿಕದ ಒಬ್ಬ ವಕೀಲ. 1910ರಲ್ಲಿ ವ್ಯಾಲೇಸ್ ವಾಟಲ್ಸ್ ಶ್ರೀಮಂತನಾಗುವುದನ್ನು ವಿಜ್ಞಾನವೆಂದೇ ಕರೆದ. 1937ರಲ್ಲಿ ನೆಪೋಲಿಯನ್ ಹಿಲ್‌ನ ‘ಥಿಂಕ್ ಅಂಡ್ ಗ್ರೋ ರಿಚ್’ ಬಂತು. ಅದು ಮಹಾ ಆರ್ಥಿಕ ಕುಸಿತದ ದಶಕ. ಬ್ಯಾಂಕುಗಳು ಮುಳುಗಿ, ಕಾರ್ಖಾನೆಗಳು ಮುಚ್ಚಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡಿದ್ದ ಹೊತ್ತಿನಲ್ಲಿ ಸಂಪತ್ತಿನ ಕೀಲಿ ತಲೆಯೊಳಗಿದೆ ಎಂದು ಆ ಪುಸ್ತಕ ಹೇಳಿತು. ನಾರ್ಮನ್ ವಿನ್ಸೆಂಟ್ ಪೀಲ್, ಜೋಸೆಫ್ ಮರ್ಫಿ ಇದನ್ನೇ ಮುಂದುವರಿಸಿದರು. 2006ರ ‘ದಿ ಸೀಕ್ರೆಟ್’ ಚಿತ್ರ ಮತ್ತು ಪುಸ್ತಕಕ್ಕೆ ಪ್ರೇರಣೆ ವಾಟಲ್ಸ್‌ನೇ ಎಂದು ಅದರ ಕರ್ತೃ ರೋಂಡಾ ಬರ್ನ್ ಹೇಳಿಕೊಂಡಿದ್ದಾರೆ.

ಕನ್ನಡದಲ್ಲಿ ಆತ್ಮವಿಶ್ವಾಸ ತುಂಬುವ ಬರವಣಿಗೆ ಹೊಸದಲ್ಲ. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಎಷ್ಟೋ ಮನೆಗಳಲ್ಲಿದೆ. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ವಿಜಯಕ್ಕೆ ಐದು ಮೆಟ್ಟಿಲು’ ಪುಸ್ತಕವನ್ನು ಒಂದು ಪೀಳಿಗೆಯೇ ಓದಿತು. ಇವನ್ನು ಮ್ಯಾನಿಫೆಸ್ಟೇಷನ್ ಜೊತೆಗೆ ಒಂದೇ ಕಟ್ಟಿಗೆ ಕಟ್ಟುವುದು ಅನ್ಯಾಯ. ಏಕಾಗ್ರತೆ, ಶಿಸ್ತು, ದುಡಿಮೆ, ಸೋತಾಗ ಮತ್ತೆ ಏಳುವುದು ಇವುಗಳನ್ನು ಹೇಳುವುದು ಒಂದು. ಬಯಸಿದ ಮಾತ್ರಕ್ಕೆ ವಸ್ತು ಎಳೆದುಕೊಂಡು ಬರುತ್ತದೆ ಎನ್ನುವುದು ಮತ್ತೊಂದು. ಮೊದಲನೆಯದರಿಂದ ಎಷ್ಟೋ ಹುಡುಗರು ಪರೀಕ್ಷೆ ಪಾಸು ಮಾಡಿದ್ದಾರೆ, ಅದರ ಬಗ್ಗೆ ನನಗೆ ಗೌರವವಿದೆ.

‘ದೇವರಿಗೆ ಹರಕೆ ಹೊರುವವರು ನೀವು, ಇದೂ ಹಾಗೆಯೇ ಅಲ್ಲವೆ?’ ಎಂಬ ಪ್ರಶ್ನೆ ಇಲ್ಲಿ ಏಳಬಹುದು. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಗೆ ಹೋದವರೆಲ್ಲ ಕಂಡಿರುತ್ತಾರೆ: ಕಪಿಲೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಉರುಳು ಸೇವೆ ಮಾಡುವವರು, ಮುಡಿ ಕೊಟ್ಟು ಬರುವವರು, ತುಲಾಭಾರದಲ್ಲಿ ಬೆಲ್ಲವನ್ನೋ ಅಕ್ಕಿಯನ್ನೋ ತೂಗಿಸುವವರು. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ್ ಪಚ್ಚೆಲಿಂಗ ಕೊಟ್ಟು ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂಬುದು ಇಲ್ಲಿಯ ಐತಿಹ್ಯ. ಹೊರಗಿನಿಂದ ನೋಡಿದರೆ ಎರಡೂ ಬೇಡಿಕೆಯೇ. ಒಳಗೆ ಹೊಕ್ಕರೆ ಇವೆರಡರ ದಾರಿಗಳು ಎದುರುಬದುರು. ಹರಕೆ ಹೊತ್ತವನು ತನ್ನ ಕೈ ಮೀರಿದ್ದು ಒಂದಿದೆ ಎಂದು ಮೊದಲೇ ಒಪ್ಪಿರುತ್ತಾನೆ. ಕೇಳಿದ್ದನ್ನು ಕೊಡದೆ ಇರುವ ಸ್ವಾತಂತ್ರ್ಯ ದೇವರಿಗೆ ಇದೆ. ಕೊಡದಿದ್ದರೆ ‘ನಂಜುಂಡ ಕಣ್ಣು ಬಿಡಲಿಲ್ಲ’ ಎಂದು ಅವನ ಮೇಲೆ ಸಿಟ್ಟಾಗಬಹುದು, ಅಳಬಹುದು, ಮುಂದಿನ ಜಾತ್ರೆಗೆ ಮತ್ತೆ ಬರಬಹುದು. ಕೊಟ್ಟರೆ ಋಣ ತೀರಿಸಬೇಕು, ಅದಕ್ಕೆ ಮೈ ದಂಡಿಸಬೇಕು, ನಾಲ್ಕು ಜನಕ್ಕೆ ಅನ್ನ ಹಾಕಬೇಕು. ಮ್ಯಾನಿಫೆಸ್ಟೇಷನ್ನಿನ ವಿಶ್ವಕ್ಕೆ ಇಲ್ಲ ಎನ್ನುವ ಅಧಿಕಾರವೇ ಇಲ್ಲ. ನಿಯಮ ಎಂದ ಮೇಲೆ ಅದು ತಪ್ಪದೆ ನಡೆಯಬೇಕು. ನಡೆಯಲಿಲ್ಲವೆಂದರೆ ತಪ್ಪು ಬಯಸಿದವನದು: ಅವನ ನಂಬಿಕೆ ಸಾಲದಾಯಿತು, ಆ ಪಂಥದ ಮಾತಿನಲ್ಲಿ ಅವನ ‘ಕಂಪನ’ ಕೆಳಗಿತ್ತು. ಎಂದೂ ಸೋಲದಂತೆ ಹೆಣೆದ ಸಿದ್ಧಾಂತವಿದು, ಸೋಲುವುದು ಪ್ರತಿಸಲವೂ ಮನುಷ್ಯನೇ.

ಬಾಯಿಂದ ಬಂದ ಮಾತು ಲೋಕದಲ್ಲಿ ನಿಜವಾಗುತ್ತದೆ ಎಂಬ ನಂಬಿಕೆಗೆ ತಿ. ನರಸೀಪುರ ತಾಲ್ಲೂಕಿನಲ್ಲೇ ಪ್ರಸಿದ್ಧ ಕಥೆಯೊಂದಿದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಶ್ರೀರಂಗಪಟ್ಟಣದ ರಾಜಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಕಾವೇರಿಗೆ ಹಾರುವ ಮುನ್ನ ಕೊಟ್ಟ ಶಾಪದಿಂದ ತಲಕಾಡು ಮರಳಾಯಿತು ಎಂದು ಮಕ್ಕಳಿಗೂ ಗೊತ್ತು. ಆ ನೊಂದ ಹೆಂಗಸಿನ ಕಥೆ ನನ್ನನ್ನು ಇಂದಿಗೂ ಕಲಕುತ್ತದೆ. ಆದರೆ ಮರಳಿಗೆ ಬೇರೊಂದು ವಿವರಣೆಯೂ ಇದೆ. ಕೃಷಿ ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ಹದಿನಾಲ್ಕನೆಯ ಶತಮಾನದ ಮಾಧವ ಮಂತ್ರಿ ಕಟ್ಟೆಯತ್ತ ಬೆರಳು ತೋರಿಸಿದ್ದಾರೆ: ಕಟ್ಟೆಯಿಂದ ನದಿಯ ಹರಿವು ಬದಲಾಗಿ, ನೀರು ಸರಿದ ಪಾತ್ರದ ಮರಳು ಗಾಳಿಗೆ ಎದ್ದು ಊರಿನ ಮೇಲೆ ಕುಳಿತಿತು ಎಂದು. ಅದೇ ಕಟ್ಟೆ ಗದ್ದೆಗಳಿಗೆ ನೀರುಣಿಸಿತು ಎಂಬುದನ್ನೂ ಮರೆಯುವಂತಿಲ್ಲ. ಒಂದು ಊರಿನ ಸಿರಿಯನ್ನೂ ಇನ್ನೊಂದರ ಕೇಡನ್ನೂ ಒಂದೇ ಕಲ್ಲಿನ ಕಟ್ಟಡ ಹೊತ್ತಿದೆ. ಸಂಪತ್ತಿನ ಚರಿತ್ರೆಯನ್ನು ಹುಡುಕುವವರು ನೋಡಬೇಕಾದದ್ದು ಇಂಥ ಕಡೆ.

ಮ್ಯಾನಿಫೆಸ್ಟೇಷನ್ನಿನ ಮಾತನ್ನು ಪರೀಕ್ಷೆಗೆ ಒಡ್ಡಿದಾಗ ಏನಾಯಿತು? ಗೇಬ್ರಿಯೆಲ್ ಓಟಿಂಗನ್ ಎಂಬ ಮನಶ್ಶಾಸ್ತ್ರಜ್ಞೆ ಜರ್ಮನಿಯ ಪದವೀಧರರನ್ನು ಎರಡು ವರ್ಷ ಹಿಂಬಾಲಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಳ್ಳೆಯ ಕೆಲಸ ಸಿಕ್ಕಂತೆ ಹೆಚ್ಚು ಕನಸು ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಬಂದ ಕೆಲಸಗಳೂ ಸಂಬಳವೂ ಕಡಿಮೆಯೇ. ಮನಸ್ಸು ಗುರಿ ಮುಟ್ಟಿದ ಸುಖವನ್ನು ಮೊದಲೇ ಉಂಡುಬಿಟ್ಟರೆ ಎದ್ದು ಹೊರಡುವ ಹುರುಪು ಇಳಿಯುತ್ತದೆ ಎಂಬುದು ಅವರ ಮುಂದಿನ ಅಧ್ಯಯನಗಳಲ್ಲೂ ಕಂಡಿತು. ಆದರೆ ಹಿಂದಿನ ಅನುಭವದ ಮೇಲೆ ‘ನನಗೆ ಸಿಗಬಹುದು’ ಎಂದು ನಿರೀಕ್ಷೆ ಇಟ್ಟವರು ಚೆನ್ನಾಗಿಯೇ ಮಾಡಿದ್ದರು. ಭರವಸೆ ಬೇರೆ, ಹಗಲುಗನಸು ಬೇರೆ ಎಂಬ ಭೇದ ಇಲ್ಲಿ ಸ್ಪಷ್ಟ. 2023ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನ ನನ್ನನ್ನು ಇನ್ನೂ ಹೆಚ್ಚು ಕಳವಳಕ್ಕೆ ಈಡುಮಾಡಿತು. ಮ್ಯಾನಿಫೆಸ್ಟೇಷನ್ ನಂಬುವವರು ತಾವು ಯಶಸ್ವಿಗಳೆಂದೇ ಭಾವಿಸಿದ್ದರು. ಆದರೆ ಅಪಾಯದ ಹೂಡಿಕೆಗಳತ್ತ ಅವರ ಒಲವು ಹೆಚ್ಚು, ದಿವಾಳಿಯಾದ ಅನುಭವವೂ ಅವರಲ್ಲೇ ಹೆಚ್ಚು.

ಈ ಸೀಮೆಯ ಸಂಪತ್ತನ್ನು ಹಿಡಿದು ಹಿಂದಕ್ಕೆ ನಡೆದರೆ ಸಿಗುವುದು ನೀರು. ಹುಲ್ಲಹಳ್ಳಿ ಅಣೆಕಟ್ಟೆಯ ನಾಲೆ, 1974ರಲ್ಲಿ ಮುಗಿದ ಕಬಿನಿ ಜಲಾಶಯದ ನಾಲೆಗಳು, ತಲಕಾಡಿನ ಬಳಿಯ ಹಳೆಯ ಕಟ್ಟೆ. ನಾಲೆಯ ಕೆಳಗೆ ಜಮೀನಿದ್ದವನು ಭತ್ತ, ಕಬ್ಬು ಬೆಳೆದ. ನಾಲೆ ಏರದ ದಿಣ್ಣೆಯವನು ಮಳೆಯನ್ನೇ ನೋಡುತ್ತ ರಾಗಿ, ಹುರುಳಿ ಬಿತ್ತಿದ. ಕಬಿನಿ ಹಿನ್ನೀರಿಗಾಗಿ ಊರು, ಕಾಡು ಬಿಟ್ಟು ಎದ್ದವರೂ ಇದ್ದಾರೆ. ಈ ಮೂವರ ಆಲೋಚನೆಗಳಲ್ಲಿ ಏನು ವ್ಯತ್ಯಾಸವಿತ್ತು? ನಂಜನಗೂಡು ರಸಬಾಳೆಯದೂ ಇದೇ ಪಾಠ. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ, ಹೆಸರು ಕೇಳಿದರೇ ಪರಿಮಳ ನೆನಪಾಗುವ ಆ ಹಣ್ಣು ತನ್ನ ಊರಿನಲ್ಲೇ ಅಪರೂಪವಾದದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗದಿಂದ. ಬೆಳೆಗಾರನ ಶ್ರದ್ಧೆಗೆ ಕೊರತೆ ಇರಲಿಲ್ಲ. ರೋಗವಿಲ್ಲದ ಕಂದು, ಅಂಗಾಂಶ ಕೃಷಿಯ ಸಸಿ, ತೋಟಗಾರಿಕೆ ಇಲಾಖೆಯ ನೆರವು ಇವು ಬಂದಷ್ಟಕ್ಕೆ ಬೆಳೆಯೂ ಮರಳುತ್ತದೆ. ತಿ. ನರಸೀಪುರದ ಸರ್ಕಾರಿ ರೇಷ್ಮೆ ಕಾರ್ಖಾನೆಯ ನೂಲು ಮೈಸೂರು ಸಿಲ್ಕ್ ಸೀರೆಯಾಗುವ ಮುನ್ನ ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ, ಗೂಡಿನ ಮಾರುಕಟ್ಟೆ ದಾಟಿ ಬರಬೇಕು.

ಬಡತನ ಯೋಚನೆಯಿಂದ ಬರುತ್ತದೆ ಎಂಬ ಸೂತ್ರವನ್ನು ತಿರುಗಿಸಿ ಓದಬೇಕೆಂದು ನಮ್ಮ ನೆರೆಯ ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲಿನ ಅಧ್ಯಯನ ಸೂಚಿಸುತ್ತದೆ. ಸೆಂಥಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮೊದಲಾದವರು 464 ರೈತರನ್ನು ಕಟಾವಿಗೆ ಮುಂಚೆ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಒಮ್ಮೆ ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಅದೇ ರೈತ, ಅದೇ ತಲೆ. ಕೈಯಲ್ಲಿ ಕಾಸಿಲ್ಲದ ತಿಂಗಳಲ್ಲಿ ಗಮನ, ತರ್ಕ ಕುಂದಿದ್ದವು, ಹಣ ಬಂದ ಮೇಲೆ ಸುಧಾರಿಸಿದ್ದವು. ಕಬ್ಬಿನ ಕಟಾವಿನ ಸರದಿಗೆ ಕಾಯುವ ನಂಜನಗೂಡು ತಾಲ್ಲೂಕಿನ ಅಳಗಂಚಿ ಸುತ್ತಲಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥವರ ಮುಂದೆ ನಿಂತು ‘ನಿಮ್ಮ ಚಿಂತೆಯೇ ನಿಮ್ಮ ಶತ್ರು’ ಎನ್ನುವುದು ಕ್ರೌರ್ಯ.

ನಾನು ಬಹಳ ಹೊತ್ತು ಯೋಚಿಸಿದ್ದು ಇನ್ನೊಂದು ವಾದವನ್ನು. ತಲೆತಲಾಂತರದಿಂದ ‘ನಿನ್ನ ಕೈಲಾಗದು’ ಎಂದೇ ಕೇಳಿಸಿಕೊಂಡ ಕೇರಿಯ ಮಕ್ಕಳಿಗೆ ‘ನಿನ್ನಿಂದ ಆಗುತ್ತದೆ’ ಎನ್ನುವ ಒಂದು ಮಾತು ಬಹು ದೊಡ್ಡದಲ್ಲವೇ? ಖಂಡಿತ ದೊಡ್ಡದು. ನಂಜನಗೂಡು, ತಿ. ನರಸೀಪುರ ಎರಡೂ ಇಂದು ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇಲ್ಲಿ ಆ ಮಾತು ಅಂಬೇಡ್ಕರ್ ಭಾವಚಿತ್ರದ ಜೊತೆ, ದಲಿತ ಸಂಘರ್ಷ ಸಮಿತಿಯ ಹಾಡು ಮತ್ತು ಮೆರವಣಿಗೆಗಳ ಜೊತೆ, ವಿದ್ಯಾರ್ಥಿನಿಲಯ ಹಾಗೂ ಮೀಸಲಾತಿಯ ಜೊತೆ ಬಂತು. ನಿನ್ನ ಬಡತನ ನಿನ್ನ ತಪ್ಪಲ್ಲ, ಅದನ್ನು ನಿನ್ನ ಮೇಲೆ ಹೇರಲಾಗಿದೆ, ಎಲ್ಲರೂ ಸೇರಿ ಅದನ್ನು ಕಿತ್ತುಹಾಕೋಣ ಎಂದು ಅದು ಹೇಳಿತು. ಮ್ಯಾನಿಫೆಸ್ಟೇಷನ್ ಧೈರ್ಯದ ಭಾಷೆಯನ್ನು ಇಟ್ಟುಕೊಂಡು ಈ ಅರಿವನ್ನು ಕಳಚಿಹಾಕುತ್ತದೆ. ನಂಜನಗೂಡು ತಾಲ್ಲೂಕಿನ ದೇವನೂರಿನವರೇ ಆದ ದೇವನೂರ ಮಹಾದೇವ ಅವರ ‘ಒಡಲಾಳ’ ಕಿರುಕಾದಂಬರಿಯಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಊರು ಒಂದು ಮಾಡುತ್ತಾಳೆ, ಆ ಮನೆಯ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಕದ್ದ ಕಡಲೆಕಾಯನ್ನು ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುವ ಆ ರಾತ್ರಿಯಷ್ಟು ಸಂತೋಷ ತುಂಬಿದ ಪುಟಗಳು ಕನ್ನಡದಲ್ಲಿ ವಿರಳ. ಆಸೆಗೂ ಕಲ್ಪನೆಗೂ ನಗುವಿಗೂ ಆ ಗುಡಿಸಿಲಲ್ಲಿ ಬರವಿಲ್ಲ. ಮರುದಿನ ಬಾಗಿಲಿಗೆ ಬರುವುದು ಪೊಲೀಸರು.

ಇದೇ ತಾಲ್ಲೂಕಿನ ಬದನವಾಳು ಗಾಂಧೀಜಿ ಬಂದುಹೋದ ಖಾದಿ ಕೇಂದ್ರವಿದ್ದ ಊರು. ನೂಲುವ ಹೆಣ್ಣುಮಕ್ಕಳಿಗೆ ರಾಟೆಯೇ ಕೂಲಿಯಾಗಿತ್ತು. 1993ರಲ್ಲಿ ಅಲ್ಲಿ ದಲಿತರ ಕೊಲೆ ನಡೆದ ಮೇಲೆ ಊರು ಎರಡಾಯಿತು, ಕೇಂದ್ರವೂ ಸೊರಗಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲಿಂದಲೇ ಕೈ ಉತ್ಪನ್ನಗಳ ಪರವಾಗಿ ಸತ್ಯಾಗ್ರಹ ಹೂಡಿದರು. ಜಾತಿಯ ದ್ವೇಷ ಒಂದು ಊರಿನ ದುಡಿಮೆಯನ್ನೂ ಹೇಗೆ ಮುರಿಯುತ್ತದೆಂದು ತಿಳಿಯಬೇಕಾದವರು ಬದನವಾಳಿಗೆ ಹೋಗಬೇಕು.

2025ರ ಆರಂಭದಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳಿಂದ ಬಂದ ಸುದ್ದಿ ರಾಜ್ಯವನ್ನೇ ಅಲುಗಾಡಿಸಿತು. ಮೈಕ್ರೊ ಫೈನಾನ್ಸ್ ಸಾಲದ ಕಂತು ವಸೂಲಿಯ ಕಾಟ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತಿದ ಆ ಹೆಂಗಸರು ಋಣಾತ್ಮಕವಾಗಿ ಯೋಚಿಸಿದ್ದರಿಂದ ಕೆಟ್ಟರೆ? ಮುಂದಿನ ವಾರ ಹೇಗೋ ಆಗುತ್ತದೆ, ಮಗನಿಗೆ ಕೆಲಸ ಸಿಗುತ್ತದೆ, ಮಳೆ ಬರುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಯಾರೂ ಸಾಲದ ಕಾಗದಕ್ಕೆ ಸಹಿ ಹಾಕುವುದಿಲ್ಲ. ಸಾಲ ಕೊಡುವವರು ನಂಬಿ ಕೂತದ್ದೂ ಆ ಭರವಸೆಯನ್ನೇ.

ಓಟಿಂಗನ್ ತಮ್ಮ ಪ್ರಯೋಗಗಳಿಂದ ಕಂಡುಕೊಂಡ ವಿಧಾನದಲ್ಲಿ ಬಯಕೆಯ ಬೆನ್ನಿಗೇ ಅಡ್ಡಿ ಯಾವುದೆಂದು ಕೇಳಿಕೊಳ್ಳಬೇಕು, ಆ ಅಡ್ಡಿ ಎದುರಾದಾಗ ಏನು ಮಾಡುವೆನೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಮ್ಮ ಸ್ವಸಹಾಯ ಸಂಘಗಳ ವಾರದ ಸಭೆಗಳಲ್ಲಿ ಆ ಪ್ರಶ್ನೆ ಹೀಗೆ ಬರಲಿ ಎಂದು ನನ್ನ ಆಸೆ: ನಮ್ಮ ಮನೆಯ ತಿಂಗಳ ಆದಾಯವೆಷ್ಟು, ಈಗಾಗಲೇ ಕಟ್ಟುತ್ತಿರುವ ಕಂತೆಷ್ಟು? ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೊ ಫೈನಾನ್ಸ್ ಸಾಲ ಕೊಡುವಾಗ ಒಂದು ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಶೇಕಡಾ 50 ಅನ್ನು ಮೀರುವಂತಿಲ್ಲ. ವರ್ಷದ ಬಡ್ಡಿ ಎಷ್ಟು, ಶುಲ್ಕಗಳು ಯಾವುವು ಎಂಬ ವಿವರದ ಹಾಳೆ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಸಹಿ ಹಾಕುವ ಮುನ್ನ ಆ ಹಾಳೆಯನ್ನು ಕೇಳಿ ಪಡೆದು, ಓದು ಬರುವ ಮಗಳಿಂದಲೋ ಸೊಸೆಯಿಂದಲೋ ಗಟ್ಟಿಯಾಗಿ ಓದಿಸಬೇಕು. ಅರ್ಥವಾಗದ ಸಾಲು ಒಂದಿದ್ದರೂ ಹೆಬ್ಬೆಟ್ಟು ಒತ್ತಬಾರದು.