ಬೆಚ್ಚಗಿನ ಬಾಣಂತನದಲ್ಲಿ ನೀರಿನ ಬರ

ಚಿತ್ರದುರ್ಗ ಜಿಲ್ಲೆಯಲ್ಲಿ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯಿಂದ ಹೊಸದುರ್ಗ, ಹಿರಿಯೂರಿನವರೆಗೆ ಹೆರಿಗೆ ಈಗ ಬಹುಪಾಲು ಆಸ್ಪತ್ರೆಯದು. ಬಾಣಂತನ ಮಾತ್ರ ಇಂದಿಗೂ ತವರುಮನೆಯದು. ಇವೆರಡರ ನಡುವೆ ಯಾರ ಗಮನಕ್ಕೂ ಬಾರದೆ ಉಳಿದಿರುವ ಕಾಯಿಲೆ ಉರಿಮೂತ್ರ. ಜ್ವರ ಬಂದರೆ ಎದೆ ಕಟ್ಟಿದೆ, ಶೀತವಾಗಿದೆ, ದೃಷ್ಟಿ ತಾಗಿದೆ ಎನ್ನುತ್ತಾರೆ. ಉಚ್ಚೆ ಉರಿಯುತ್ತದೆಯೇ ಎಂದು ಕೇಳುವವರು ಕಡಿಮೆ. ಈ ಒಂದು ಕಾಯಿಲೆಯನ್ನು ಮುಂದಿಟ್ಟುಕೊಂಡು ನೋಡಿದರೆ ನಮ್ಮ ಬಾಣಂತನದಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂಬುದು ಗೊತ್ತಾಗುತ್ತದೆ.

ಗಟ್ಟಿಯಾದದ್ದು ಸಾಕಷ್ಟಿದೆ. ಹೆತ್ತವಳಿಗೆ ಹೊಲ, ಕೊಟ್ಟಿಗೆಯ ಕೆಲಸದಿಂದ ಬಿಡುವು ಸಿಗುತ್ತದೆ. ದಿನವೂ ಬಿಸಿನೀರಿನ ಸ್ನಾನ, ಉಡಲು ಮೆತ್ತನೆಯ ಹತ್ತಿ ಬಟ್ಟೆ. ಒಗೆದ ಹಳೆ ಸೀರೆಯ ತುಂಡುಗಳನ್ನು ಬಿಸಿಲಿಗೆ ಹಾಕಿದರೆ ಅವು ಚೊಕ್ಕಟವೇ. ಯಾರ ಕಣ್ಣಿಗೂ ಬೀಳಬಾರದೆಂದು ಬಚ್ಚಲ ಮೂಲೆಯಲ್ಲಿ ಒಣಗಿಸಿದಾಗ ಆ ಚೊಕ್ಕಟತನವೇ ಹೋಗುತ್ತದೆ.

ಜೊಳ್ಳು ಇರುವುದು ನೀರಿನ ವಿಷಯದಲ್ಲಿ. 'ನೀರು ಕುಡಿದರೆ ಹೊಟ್ಟೆ ಬರುತ್ತದೆ, ನಂಜಾಗುತ್ತದೆ' ಎಂದು ಬಾಣಂತಿಗೆ ಗುಟುಕು ಲೆಕ್ಕದಲ್ಲಿ ನೀರು ಕೊಡುವ ಮನೆಗಳು ಇನ್ನೂ ಇವೆ. ಹಾಲುಣಿಸುವ ಮೈ ಹೆಚ್ಚು ನೀರು ಬೇಡುವ ಹೊತ್ತು ಅದು. ಬಸಿರಿನಲ್ಲಿ ಸಡಿಲಗೊಂಡ ಮೂತ್ರನಾಳಗಳು ಮೊದಲಿನಂತಾಗಲು ಕೆಲವು ವಾರ ಬೇಕು. ಹೆರಿಗೆಯಲ್ಲಿ ಒತ್ತಡಕ್ಕೆ ಸಿಕ್ಕ ಮೂತ್ರಕೋಶ ತುಂಬಿದ್ದರೂ ಕೆಲವರಿಗೆ ತಿಳಿಯುವುದಿಲ್ಲ. ನಿಂತ ಮೂತ್ರದಲ್ಲಿ ಕರುಳಿನಿಂದ ಬಂದ ಇ-ಕೋಲಿ ರೋಗಾಣು ಬೆಳೆಯುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇ ಪದೇ ಮೂತ್ರದ ಸೋಂಕು ಕಾಡುತ್ತಿದ್ದ 140 ಮಹಿಳೆಯರ ಪೈಕಿ ದಿನಕ್ಕೆ 1.5 ಲೀಟರ್ ನೀರು ಹೆಚ್ಚಿಗೆ ಕುಡಿದವರಿಗೆ ಸೋಂಕು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅವರು ಬಾಣಂತಿಯರಲ್ಲ, ನಿಜ. ಆದರೂ ನೀರು ತಡೆಯುವುದರ ಪರವಾಗಿ ನಿಲ್ಲುವ ಆಧಾರ ಯಾವುದಿದೆ? ಮನೆಯಲ್ಲಿ ಶೌಚಾಲಯವಿಲ್ಲದಿದ್ದರೆ, ಇದ್ದೂ ಅದಕ್ಕೆ ನೀರಿಲ್ಲದಿದ್ದರೆ, ಹೆಣ್ಣು ತಾನಾಗಿಯೇ ಕುಡಿಯುವುದನ್ನು ಕಡಿಮೆ ಮಾಡುತ್ತಾಳೆ, ಕತ್ತಲಾಗುವವರೆಗೆ ಮೂತ್ರ ಕಟ್ಟಿಕೊಂಡಿರುತ್ತಾಳೆ. ಬೋರ್‌ವೆಲ್ ನಂಬಿದ ಈ ಸೀಮೆಯಲ್ಲಿ ಇದನ್ನು ಅವಳ ಅಜ್ಞಾನ ಎಂದುಬಿಡುವುದು ಅನ್ಯಾಯ.

ಕಾಡುಗೊಲ್ಲ ಸಮುದಾಯದ ಹಟ್ಟಿಗಳಲ್ಲಿ ಈ ತೊಡಕು ಎರಡರಷ್ಟು. ಸೂತಕದ ಹೆಸರಿನಲ್ಲಿ ಬಾಣಂತಿ, ಕೂಸನ್ನು ಹಟ್ಟಿಯಾಚೆ ಗುಡಿಸಲಲ್ಲಿಟ್ಟರೆ ನೀರು, ಬಚ್ಚಲು ಎರಡೂ ದೂರವಾಗುತ್ತವೆ. 2023ರ ಜುಲೈನಲ್ಲಿ ನೆರೆಯ ತುಮಕೂರು ಜಿಲ್ಲೆಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ ಚಳಿಯ ನಡುವೆ ಹೀಗೆ ಹೊರಗಿದ್ದ ಹಸುಗೂಸು ತೀರಿಕೊಂಡಿತು. ಹೆಣ್ಣನ್ನು ಹೀಗೆ ಊರಾಚೆ ಇರಿಸುವುದನ್ನು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ತಡೆಯುತ್ತದೆ. ಅದು ಜಾರಿಗೆ ಬಂದದ್ದು 2020ರಲ್ಲಿ. ಹಟ್ಟಿಯಾಚೆ ಸರ್ಕಾರವೇ ಕಟ್ಟಿಸಿದ ಕೃಷ್ಣ ಕುಟೀರಗಳು ತಲೆಯ ಮೇಲೆ ಸೂರು ಕೊಟ್ಟವು ನಿಜ, ಆದರೆ ಹೊರಗಿರಬೇಕೆಂಬ ಕಟ್ಟಳೆಗೆ ಸಿಮೆಂಟಿನ ಗೋಡೆಯನ್ನೂ ಕೊಟ್ಟವು.

ಆಸ್ಪತ್ರೆಯ ಪದ್ಧತಿಯೂ ವಿಮರ್ಶೆಗೆ ಹೊರತಲ್ಲ. ಬಸುರಿಯ ಮೂತ್ರವನ್ನು ಪ್ರೋಟೀನ್, ಸಕ್ಕರೆಗಾಗಿ ಪಟ್ಟಿ ಅದ್ದಿ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುವುದು ರೂಢಿ. ಉರಿಯಿಲ್ಲದೆ, ನೋವಿಲ್ಲದೆ ಅಡಗಿರುವ ಸೋಂಕು ಇದರಿಂದ ಸಿಕ್ಕಿಬೀಳುವುದಿಲ್ಲ. ಅದಕ್ಕೆ ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಇದನ್ನು ಹೇಳಿದೆ. ಸೋಂಕು ಕಂಡರೆ 7 ದಿನಗಳ ಔಷಧಿಯನ್ನೂ ಸೂಚಿಸಿದೆ. ಬಿಟ್ಟರೆ ಅದು ಮೂತ್ರಪಿಂಡಕ್ಕೇರಬಹುದು, ಅವಧಿಗೆ ಮೊದಲೇ ಹೆರಿಗೆಯಾಗಬಹುದು. ಸಿಸೇರಿಯನ್ ಆದವಳ ಮೂತ್ರದ ಪೈಪು ಹೆಚ್ಚು ಹೊತ್ತು ಉಳಿದಷ್ಟೂ ಸೋಂಕಿನ ಭಯ ಹೆಚ್ಚು. ಸಹಜ ಹೆರಿಗೆಯಾದವಳು 6 ಗಂಟೆಯೊಳಗೆ ಮೂತ್ರ ಮಾಡಿದಳೇ ಎಂದು ನೋಡಿ ಬರೆದಿಡಬೇಕು. ಎಲ್ಲರಿಗೂ ಒಂದಷ್ಟು ಆಂಟಿಬಯೋಟಿಕ್ ಮಾತ್ರೆ ಕೊಟ್ಟು ಕಳಿಸುವುದು ತಡೆಗಟ್ಟುವಿಕೆಯಲ್ಲ. ನಾಳೆ ಮದ್ದಿಗೆ ಬಗ್ಗದ ರೋಗಾಣುವನ್ನು ಇಂದೇ ಸಾಕಿದಂತೆ.

ಬಾಣಂತನವನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಕಿಲ್ಲ. ಬೆಚ್ಚಗಿನ ಕೋಣೆ, ಎಣ್ಣೆ ಸ್ನಾನ, ತಾಯಿಯ ಆರೈಕೆ ಇರಲಿ; ನೀರಿನ ಕಟ್ಟಳೆ, ಹೊರಗಿಡುವ ಕಟ್ಟಳೆ ಹೋಗಲಿ. ಆಸ್ಪತ್ರೆಯಲ್ಲಿ ಹೆರಿಗೆಯಾದ 42 ದಿನಗಳೊಳಗೆ ಆಶಾ ಕಾರ್ಯಕರ್ತೆ 6 ಸಲ ಮನೆಗೆ ಬರಬೇಕೆಂಬ ನಿಯಮವಿದೆ. ಕೂಸನ್ನು ತೂಗುವ ಆಕೆ ತಾಯಿಯನ್ನೂ ಉರಿಯಿದೆಯೇ, ಚಳಿಜ್ವರವಿದೆಯೇ, ಪಕ್ಕೆ ನೋವಿದೆಯೇ ಎಂದು ಕೇಳಲಿ. ಇದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಮನೆಯ ಹಿರಿಯರಲ್ಲಿ ಕೇಳುವುದಿಷ್ಟೆ: ವೈದ್ಯರು ಬೇಡವೆನ್ನದಿದ್ದರೆ ಬಾಣಂತಿಯ ಪಕ್ಕದಲ್ಲಿ ಕಾಯಿಸಿ ಆರಿಸಿದ ನೀರು ತುಂಬಿದ ತಂಬಿಗೆ ಇಡಿ, ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಲು ಹೇಳಿಕೊಡಿ, ಬಚ್ಚಲಿಗೆ ಹೋಗಲು ಹೊತ್ತುಗೊತ್ತು ನೋಡಬೇಡಿ.