ಲಾಠಿಯ ಲೆಕ್ಕ ಕೇಳುವವರು ಯಾರು?

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡೋಣ ಎಂದು ನಮ್ಮ ಹಿರಿಯರು ಕೇಳುತ್ತಲೇ ಸತ್ತರು. ಪ್ರಶ್ನೆ ಗಾದೆಯಾಗಿ ಉಳಿಯಿತು, ಉತ್ತರ ಸಿಗಲಿಲ್ಲ. ಠಾಣೆಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂತು, "ಸಾಹೇಬ್ರು ಬಂದಿಲ್ಲ, ನಾಳೆ ಬಾ" ಅನ್ನಿಸಿಕೊಂಡು ವಾಪಸ್ಸು ಬಂದವರಿಗೆ ಈ ಗಾದೆಯ ಅರ್ಥವನ್ನು ಯಾವ ಪಂಡಿತರೂ ಹೇಳಿಕೊಡಬೇಕಾಗಿಲ್ಲ.

ಅಮೆರಿಕದ ಶಿಕಾಗೋ ನಗರದ ಕಪ್ಪು ಜನ ಈ ಪ್ರಶ್ನೆಗೆ ತಮ್ಮದೊಂದು ಉತ್ತರ ಹುಡುಕಿಕೊಂಡಿದ್ದಾರೆ. ಬೇಲಿಯ ಮೇಲೆ ಕಣ್ಣಿಡಲು ಹೊಲದವರೇ ಓಟು ಹಾಕಿ ಜನ ಕಳಿಸುವುದು, ಇದೇ ಆ ಉತ್ತರ. 2023ರ ಫೆಬ್ರವರಿ 28ರಂದು, ಮೇಯರ್ ಚುನಾವಣೆಯ ದಿನವೇ, ಅಲ್ಲಿನ 22 ಪೊಲೀಸ್ ವಲಯಗಳಿಗೆ ವಲಯಕ್ಕೆ 3 ಜನರಂತೆ 66 ಮಂದಿಯನ್ನು ಆರಿಸುವ ಮೊದಲ ಚುನಾವಣೆ ನಡೆಯಿತು. ನೂರಕ್ಕೂ ಹೆಚ್ಚು ಜನ ನಿಂತರು. ನಿನ್ನೆಯವರೆಗೆ ಠಾಣೆಯ ಹೊರಗೆ ಘೋಷಣೆ ಕೂಗುತ್ತಿದ್ದ ಸಂಘಟನೆಗಳ ಜನ ಈಗ ಮನೆ ಮನೆ ಬಾಗಿಲು ತಟ್ಟಿ ಓಟು ಕೇಳಿದರು. ಆ ಉತ್ತರ ಎಷ್ಟು ಗಟ್ಟಿ, ಎಷ್ಟು ಪೊಳ್ಳು ಎಂದು ಕುಟ್ಟಿ ನೋಡುವುದು ನಮ್ಮ ಉದ್ದೇಶ.

ಶಿಕಾಗೋ ನಮಗೆ ಯಾವ ಊರು ಅಂತ ಕೆಲವರು ಕೇಳಬಹುದು. ಬಾಬಾಸಾಹೇಬರು 1946ರಲ್ಲೇ ಕಪ್ಪು ಜನರ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಆ ಜನರ ಪಾಡಿಗೂ ಅಸ್ಪೃಶ್ಯರ ಪಾಡಿಗೂ ಇರುವ ಹೋಲಿಕೆಯನ್ನು ಎತ್ತಿ ತೋರಿಸಿದ್ದರು. 1972ರಲ್ಲಿ ಮುಂಬಯಿಯ ದಲಿತ ಯುವಕರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ ಎಂದು ಹೆಸರಿಟ್ಟದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರರನ್ನು ನೋಡಿಯೇ. ಆ ಪ್ಯಾಂಥರ್ ಪಕ್ಷದ ಇಲಿನಾಯ್ ರಾಜ್ಯ ಶಾಖೆಯ ಅಧ್ಯಕ್ಷ ಫ್ರೆಡ್ ಹ್ಯಾಂಪ್ಟನ್ ಸತ್ತದ್ದು ಶಿಕಾಗೋದಲ್ಲಿ. ಹಾಗಾಗಿ ಅದು ನಮಗೆ ನೆಂಟರ ಊರು.

ಈ ಚುನಾವಣೆ ಆಕಾಶದಿಂದ ಉದುರಿದ್ದಲ್ಲ. ಅದರ ಹಿಂದೆ ಹೆಣಗಳ ಸಾಲಿದೆ.

1969ರ ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು ಹ್ಯಾಂಪ್ಟನ್ ಮಲಗಿದ್ದ ಮನೆಗೆ ನುಗ್ಗಿದರು. ಆತನಿಗೆ ಬರೀ 21 ವರ್ಷ. ಪೊಲೀಸರು ಹಾರಿಸಿದ ಗುಂಡು 80ಕ್ಕೂ ಹೆಚ್ಚು, ಮನೆಯೊಳಗಿನಿಂದ ಹಾರಿದ್ದು ಹೆಚ್ಚೆಂದರೆ ಒಂದು. ಹಾಸಿಗೆಯಲ್ಲಿದ್ದ ಹ್ಯಾಂಪ್ಟನ್ ಸತ್ತ, ಜೊತೆಗಾರ ಮಾರ್ಕ್ ಕ್ಲಾರ್ಕ್ ಸತ್ತ. ಗುಂಡಿನ ಕಾಳಗ ಆಯಿತು ಅಂತ ಪೊಲೀಸರು ಕತೆ ಕಟ್ಟಿದರು. ಕಡೆಗೆ 1982ರಲ್ಲಿ ಸರ್ಕಾರಗಳು 18.5 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿದವು. ಕೊಂದದ್ದಕ್ಕೆ ಯಾರೂ ಜೈಲಿಗೆ ಹೋಗಲಿಲ್ಲ.

1972ರಿಂದ 1991ರವರೆಗೆ ಅದೇ ಊರಿನಲ್ಲಿ ಜಾನ್ ಬರ್ಜ್ ಎಂಬ ಅಧಿಕಾರಿಯೂ ಅವನ ಕೈಕೆಳಗಿನವರೂ ನೂರಕ್ಕೂ ಹೆಚ್ಚು ಜನರಿಗೆ, ಬಹುಪಾಲು ಕಪ್ಪು ಗಂಡಸರಿಗೆ, ಚಿತ್ರಹಿಂಸೆ ಕೊಟ್ಟರು. ಕರೆಂಟು ಕೊಡುವುದು, ತಲೆಗೆ ಪ್ಲಾಸ್ಟಿಕ್ ಚೀಲ ಬಿಗಿದು ಉಸಿರು ಕಟ್ಟಿಸುವುದು, ಹೀಗೆ ತಪ್ಪೊಪ್ಪಿಗೆ ಬರೆಸಿಕೊಳ್ಳುವುದು. 1993ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಹಿಂಸೆಯ ಅಪರಾಧಕ್ಕೆ ಕಾಲಮಿತಿ ಮೀರಿದ್ದರಿಂದ 2010ರಲ್ಲಿ ಅವನಿಗೆ ಶಿಕ್ಷೆಯಾದದ್ದು ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಮತ್ತು ನ್ಯಾಯಕ್ಕೆ ಅಡ್ಡಿ ಮಾಡಿದ್ದಕ್ಕೆ. ಹೊಡೆದದ್ದಕ್ಕಲ್ಲ, ಹೊಡೆದಿಲ್ಲ ಅಂದದ್ದಕ್ಕೆ!

2014ರ ಅಕ್ಟೋಬರ್ 20ರಂದು 17 ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್‌ನ ಮೈಗೆ ಒಬ್ಬ ಪೊಲೀಸು 16 ಗುಂಡು ಹೊಡೆದ. ಹುಡುಗ ಮೈಮೇಲೆ ಬಂದ ಅಂತ ಪೊಲೀಸರು ವರದಿ ಬರೆದರು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಹುಡುಗ ದೂರ ಸರಿಯುತ್ತಿರುವುದು ದಾಖಲಾಗಿತ್ತು. ಆ ಚಿತ್ರವನ್ನು ನಗರಾಡಳಿತ 13 ತಿಂಗಳು ಮುಚ್ಚಿಟ್ಟುಕೊಂಡಿತ್ತು, ನ್ಯಾಯಾಲಯದ ಆದೇಶವಾದ ಮೇಲೆ ಹೊರಗೆ ಬಂತು. 2018ರಲ್ಲಿ ಆ ಪೊಲೀಸನ ಮೇಲೆ ಕೊಲೆಯ ಆರೋಪ ರುಜುವಾತಾಯಿತು.

ಈ ಮೂರರಲ್ಲೂ ಒಂದು ಸಮಾನ ಅಂಶವಿದೆ. ಕೊಂದವರು, ಹೊಡೆದವರು ಪೊಲೀಸರು. ವರದಿ ಬರೆದವರೂ ಪೊಲೀಸರು. ವಿಚಾರಣೆ ಮಾಡಬೇಕಾದ ಮಂಡಳಿಗಳಲ್ಲಿ ಕೂತವರು ಮೇಯರ್ ನೇಮಿಸಿದವರು. ಕಳ್ಳನ ಕೈಗೆ ಕೀಲಿಕೈ ಕೊಟ್ಟು ಕಾವಲು ಕೂತಂತೆ. ಪೊಲೀಸರ ಮೇಲೆ ಸಮುದಾಯದ ಹತೋಟಿ ಬೇಕು ಎಂಬ ಬೇಡಿಕೆಯನ್ನು ಪ್ಯಾಂಥರರು ಅರ್ಧ ಶತಮಾನದ ಹಿಂದೆಯೇ ಎತ್ತಿದ್ದರು. 1971ರಲ್ಲಿ ಬರ್ಕ್ಲಿ ಪಟ್ಟಣದಲ್ಲಿ ಅದನ್ನು ಜನಮತಕ್ಕೂ ಹಾಕಿ ಸೋತಿದ್ದರು. ಶಿಕಾಗೋದಲ್ಲಿ ವರ್ಷಗಟ್ಟಲೆ ಬೀದಿಗಿಳಿದ ಮೇಲೆ 2021ರ ಜುಲೈನಲ್ಲಿ ನಗರಸಭೆ ಕಾನೂನು ಮಾಡಿತು. ಆ ಕಾನೂನಿನ ಹೆಸರನ್ನು ಕನ್ನಡದಲ್ಲಿ ಹೇಳಿದರೆ 'ಸಾರ್ವಜನಿಕ ಸುರಕ್ಷತೆಗಾಗಿ ಸಮುದಾಯಗಳ ಸಬಲೀಕರಣ'.

ಹೆಸರೇನೋ ಭರ್ಜರಿಯಾಗಿದೆ. ಒಳಗೆ ಏನಿದೆ ನೋಡೋಣ. ಕತೆ ಕವಿತೆ ಓದುವಾಗ ನಾವು ಪದ ಪದ ಬಿಡಿಸುತ್ತೇವಲ್ಲ, ಕಾನೂನನ್ನೂ ಹಾಗೇ ಓದಬೇಕು. ಅದರಲ್ಲಿ ನಾಮಪದಗಳು ಮೋಸ ಮಾಡುತ್ತವೆ, ಕ್ರಿಯಾಪದಗಳು ನಿಜ ಹೇಳುತ್ತವೆ. ವಲಯ ಮಂಡಳಿಗೆ ಆರಿಸಿ ಬಂದವರು ಏನು ಮಾಡಬಹುದು? ತಿಂಗಳಿಗೊಮ್ಮೆ ಬಹಿರಂಗ ಸಭೆ ಕರೆಯಬಹುದು. ಜನರ ದೂರು ಕೇಳಬಹುದು, ದೂರು ಕೊಡುವವರಿಗೆ ದಾರಿ ತೋರಿಸಬಹುದು. ವಲಯದ ಪೊಲೀಸ್ ಮುಖ್ಯಸ್ಥನ ಜೊತೆ ಚರ್ಚಿಸಬಹುದು. ಪ್ರತಿ ಮಂಡಳಿಯಿಂದ ಒಬ್ಬರಂತೆ 22 ಮಂದಿ ಸೇರಿ 7 ಜನರ ನಗರ ಆಯೋಗಕ್ಕೆ ಹೆಸರು ಸೂಚಿಸಬಹುದು. ಕೇಳು, ಕರೆ, ಚರ್ಚಿಸು, ಸೂಚಿಸು. ಇಷ್ಟೇ ಕ್ರಿಯಾಪದಗಳು. 'ತೆಗೆದುಹಾಕು' ಎಂಬ ಕ್ರಿಯಾಪದ ಇವರ ಪಾಲಿಗೆ ಬಂದಿಲ್ಲ. ಒಬ್ಬ ಸಾದಾ ಪೇದೆಯನ್ನೂ ಒಂದು ದಿನದ ಮಟ್ಟಿಗೆ ಮನೆಗೆ ಕಳಿಸುವ ಹಕ್ಕು ಇವರಿಗಿಲ್ಲ. ಸೂಚಿಸಿದ ಹೆಸರುಗಳಲ್ಲಿ ಯಾರನ್ನು ಆಯೋಗಕ್ಕೆ ಹಾಕಬೇಕೆಂದು ಆರಿಸುವವರು ಮತ್ತೆ ಮೇಯರ್. ಈ ದುಡಿಮೆಗೆ ತಿಂಗಳಿಗೆ 500 ಡಾಲರ್ ಗೌರವಧನ. ಆ ದೇಶದಲ್ಲಿ ಅದರಿಂದ ಮನೆ ಬಾಡಿಗೆಯೂ ಹುಟ್ಟುವುದಿಲ್ಲ.

ಹಾಗಾದರೆ ಇದು ಕಣ್ಣೊರೆಸುವ ತಂತ್ರವೇ? ಹೌದು ಅನ್ನುವವರು ಆ ಹೋರಾಟದ ಒಳಗೇ ಇದ್ದಾರೆ. ಅವರ ವಾದ ಹೀಗೆ: ಬೀದಿಯಲ್ಲಿದ್ದ ಸಿಟ್ಟನ್ನು ಕುರ್ಚಿಯ ಮೇಲೆ ಕೂರಿಸಿದರೆ ಸಿಟ್ಟು ತಣ್ಣಗಾಗುತ್ತದೆ. ಹೋರಾಟಗಾರ ಅಭ್ಯರ್ಥಿಯಾದ ದಿನವೇ ಅವನ ಭಾಷೆ ಬದಲಾಗುತ್ತದೆ. ನಿನ್ನೆ 'ಕೊಲೆ' ಅಂದದ್ದನ್ನು ಇವತ್ತು 'ಘಟನೆ' ಅನ್ನುತ್ತಾನೆ. ನಿನ್ನೆ 'ನ್ಯಾಯ' ಕೇಳಿದವನು ಇವತ್ತು 'ವಿಶ್ವಾಸ ವೃದ್ಧಿ'ಯ ಮಾತಾಡುತ್ತಾನೆ. ಈ ವಾದದಲ್ಲಿ ಹುರುಳಿದೆ. ಚುನಾವಣೆ ಅಂದಮೇಲೆ ಎದುರಾಳಿಯೂ ಸುಮ್ಮನೆ ಕೂರುವುದಿಲ್ಲ. ಶಿಕಾಗೋದ ಪೊಲೀಸರ ಸಂಘ ತನಗೆ ಬೇಕಾದ ಅಭ್ಯರ್ಥಿಗಳ ಬೆನ್ನಿಗೆ ನಿಂತಿತು. ಕೆಲವು ವಲಯಗಳಲ್ಲಿ ನಿಲ್ಲುವವರೇ ಇಲ್ಲದೆ ಸ್ಪರ್ಧೆಯೇ ನಡೆಯಲಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಇಲ್ಲಿ ಕಡಲೆ ಕೊಟ್ಟು ಹಲ್ಲು ಕಿತ್ತುಕೊಂಡಿದ್ದಾರೆ.

ಆದರೂ ನಾವು ಇದನ್ನು ಪೂರಾ ತಳ್ಳಿಹಾಕಲಾರೆವು. ಕಾರಣ ಒಂದು ಪಟ್ಟಿ.

ಶಿಕಾಗೋ ಪೊಲೀಸರ ಹತ್ತಿರ ಗ್ಯಾಂಗುಗಳ ಪಟ್ಟಿ ಅಂತ ಒಂದಿತ್ತು. 2019ರ ಸರ್ಕಾರಿ ತನಿಖಾ ವರದಿಯ ಪ್ರಕಾರ ಅದರಲ್ಲಿ 1,34,000ಕ್ಕೂ ಹೆಚ್ಚು ಜನರ ಹೆಸರಿತ್ತು. ನೂರಕ್ಕೆ 95 ಮಂದಿ ಕಪ್ಪು ಜನ ಅಥವಾ ಲ್ಯಾಟಿನ್ ಅಮೆರಿಕದ ಮೂಲದವರು. ಯಾಕೆ ಸೇರಿಸಿದರು ಅಂತ ಹೇಳುವವರಿಲ್ಲ. ತೆಗೆಸಿಕೊಳ್ಳುವ ದಾರಿಯೂ ಇಲ್ಲ. ನಮ್ಮ ರೌಡಿ ಪಟ್ಟಿಯ ಅಣ್ಣನೋ ತಮ್ಮನೋ ಇರಬೇಕು! ಕೇರಿಯಲ್ಲಿ ಸಂಘದ ಬೋರ್ಡು ಹಾಕಿದ ತಪ್ಪಿಗೆ ರೌಡಿ ಪಟ್ಟಿ ಸೇರಿದ ಹುಡುಗರು ನಮ್ಮಲ್ಲಿ ಎಷ್ಟು ಜನ ಇಲ್ಲ? ಆ ಊರಿನ ಹೊಸ ಆಯೋಗ 2023ರ ಸೆಪ್ಟೆಂಬರಿನಲ್ಲಿ ಮತ ಹಾಕಿ ಆ ಪಟ್ಟಿಯನ್ನು ರದ್ದು ಮಾಡಿತು. ಹಲ್ಲಿಲ್ಲ ಅಂದುಕೊಂಡ ಬಾಯಿ ಒಮ್ಮೆಯಾದರೂ ಕಚ್ಚಿತು. ಹೊರಗೆ ವರ್ಷಗಟ್ಟಲೆ ಕೂಗಿದವರು ಇದ್ದದ್ದರಿಂದ ಒಳಗಿನವರು ಕಚ್ಚಿದರು ಎಂಬುದನ್ನು ಮರೆಯಬಾರದು. ಬೀದಿ ಖಾಲಿಯಾದರೆ ಕುರ್ಚಿ ಬರೀ ಮರದ ತುಂಡು.

ಈಗ ನಮ್ಮ ಮನೆಯ ಕಡೆ ತಿರುಗೋಣ.

ನಮ್ಮಲ್ಲಿ ಇಂಥ ಮಂಡಳಿಗಳು ಇಲ್ಲವೇ? ಕಾಗದದಲ್ಲಿ ಬೇಕಾದಷ್ಟಿವೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಮಾಡಿ ಎಂದಿತು. ಕರ್ನಾಟಕ 2012ರಲ್ಲಿ ಕಾನೂನು ತಿದ್ದಿತು. ಅದಕ್ಕೂ ಮೊದಲೇ, ದೌರ್ಜನ್ಯ ತಡೆ ಕಾಯಿದೆಯ 1995ರ ನಿಯಮಗಳ 17ನೇ ನಿಯಮದಲ್ಲಿ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಬಂದಿದೆ. ಜಿಲ್ಲಾಧಿಕಾರಿ ಅಧ್ಯಕ್ಷ. ಪೊಲೀಸ್ ವರಿಷ್ಠಾಧಿಕಾರಿ ಸದಸ್ಯ. ಪರಿಶಿಷ್ಟರಿಂದ ಹೆಚ್ಚೆಂದರೆ 5 ಮಂದಿ ಅಧಿಕಾರೇತರ ಸದಸ್ಯರು. ಮೂರು ತಿಂಗಳಿಗೆ ಒಮ್ಮೆಯಾದರೂ ಸಭೆ ಸೇರಬೇಕು. ಆದರೆ ಈ ಪ್ರಾಧಿಕಾರಕ್ಕಾಗಲಿ ಸಮಿತಿಗಾಗಲಿ ತಮ್ಮ ಪರವಾಗಿ ಯಾರು ಕೂರಬೇಕೆಂದು ಕೇರಿಯ ಜನ ಓಟು ಹಾಕಿ ಆರಿಸುವುದಿಲ್ಲ. ಎಲ್ಲ ನಾಮಕರಣ. ನಾಮಕರಣ ಅಂದರೆ ಗೊತ್ತಲ್ಲ, ಹೆಸರು ಕೊಟ್ಟವನ ತೊಟ್ಟಿಲಲ್ಲೇ ಮಲಗಬೇಕು.

ಠಾಣೆಯಲ್ಲಿ ನಡೆದ ಒಂದು ಕುಂದುಕೊರತೆ ಸಭೆಯಲ್ಲಿ ನಾವೇ ಕೂತಿದ್ದೆವು. ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಟೀ ಕೊಟ್ಟರು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು. ಮುದುಕರೊಬ್ಬರು ಎದ್ದು, "ಸ್ವಾಮೀ, ಹೋದ ಸಲ ಹೇಳಿದ್ನಲ್ಲ, ಸುಡುಗಾಡಿನ ದಾರಿಗೆ ಬೇಲಿ ಹಾಕವ್ರೆ, ಕೇಳಕೆ ಹೋದ್ರೆ ನಮ್ಮುಡುಗರ ಮೇಲೇ ಕೇಸಾಗೈತೆ" ಅಂದರು. ಬರೆದುಕೊಳ್ಳುವವನು ಹೋದ ಸಲ ಬರೆದದ್ದನ್ನೇ ಈ ಸಲವೂ ಬರೆದುಕೊಂಡ. ನಮ್ಮ ಮುಖಂಡರೊಬ್ಬರು ಮುದುಕರ ಭುಜ ತಟ್ಟಿ, "ಕೂತ್ಕೋ ಯಜಮಾನ, ಸಾಹೇಬ್ರು ನೋಡ್ಕೊತಾರೆ" ಅಂದರು. ನಾವೂ ಎದ್ದು ನಿಲ್ಲಲಿಲ್ಲ. ಟೀ ಕುಡಿದು ಬಂದೆವು. ಆ ಟೀಯ ರುಚಿ ಇನ್ನೂ ನಾಲಿಗೆಯ ಮೇಲೆ ಕಹಿಯಾಗಿದೆ.

ನಮ್ಮ ಮುಖಂಡರು ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. ಆ ಕುರ್ಚಿಗೆ ಅವರನ್ನು ಕಳಿಸಿದವರು ಯಾರು ಎಂದು ಕೇಳುತ್ತಿದ್ದೇವೆ. ಇನ್ಸ್‌ಪೆಕ್ಟರ್ ಕರೆದದ್ದಕ್ಕೆ ಬಂದವರು ಇನ್ಸ್‌ಪೆಕ್ಟರನ ಮುಖ ನೋಡುತ್ತಾರೆ. ಮುದುಕರು ಓಟು ಹಾಕಿ ಕಳಿಸಿದ್ದರೆ ಮುದುಕರ ಮುಖ ನೋಡಲೇಬೇಕಾಗುತ್ತಿತ್ತು. ಶಿಕಾಗೋದ ಚುನಾವಣೆಯಲ್ಲಿ ನಮಗೆ ಬೇಕಾದ ಕಾಳು ಇಷ್ಟೇ, ಉಳಿದದ್ದು ಜೊಳ್ಳು. ಅಲ್ಲಿನ ಸದಸ್ಯನಿಗೆ ಪೇದೆಯನ್ನು ತೆಗೆಯುವ ಅಧಿಕಾರ ಇಲ್ಲದಿರಬಹುದು. ಆದರೆ ತಿಂಗಳು ತಿಂಗಳು ಸಭೆಯಲ್ಲಿ ಎದ್ದು ನಿಂತ ತಾಯಿ, ನಮ್ಮ ಪ್ರಶ್ನೆ ಎಲ್ಲಿಗೆ ಬಂತಪ್ಪಾ ಅಂತ ಕೇಳಿದರೆ, ಅವನು ತಪ್ಪಿಸಿಕೊಳ್ಳಲಾರ. ನಾಲ್ಕು ವರ್ಷಕ್ಕೆ ಅವಳ ಮನೆ ಬಾಗಿಲಿಗೆ ಮತ್ತೆ ಹೋಗಬೇಕು.

ಹಾಗಂತ ನಾಳೆಯೇ ಠಾಣೆ ಠಾಣೆಗೂ ಚುನಾವಣೆ ಮಾಡಿ ಅಂತ ಕೂಗಿದರೆ ಆಯಿತೇ? ನಮ್ಮ ಊರಿನಲ್ಲಿ ಓಟು ಜಾತಿಯ ಲೆಕ್ಕ. ಠಾಣೆಯ ವ್ಯಾಪ್ತಿಯಲ್ಲಿ ಕೇರಿಯ ಮನೆ 40 ಇದ್ದರೆ ಊರಿನ ಮನೆ 400 ಇರುತ್ತವೆ. ಸುಡುಗಾಡಿನ ದಾರಿಗೆ ಬೇಲಿ ಹಾಕಿದವನೇ ಗೆದ್ದು ಬಂದು ಉಸ್ತುವಾರಿಯ ಕುರ್ಚಿಯಲ್ಲಿ ಕೂತಾನು. ಶಿಕಾಗೋದಲ್ಲಿ ಕಪ್ಪು ಜನ ಇಡೀ ಇಡೀ ಬಡಾವಣೆಗಳಲ್ಲಿ ಬಹುಸಂಖ್ಯಾತರು. ನಾವು ಪ್ರತಿ ಊರಿನಲ್ಲೂ ಊರಾಚೆಯ ಕೆಲವೇ ಮನೆಯವರು. ಬಾಬಾಸಾಹೇಬರು ದುಂಡುಮೇಜಿನ ಸಭೆಯಲ್ಲಿ ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುತ್ತೇವೆ ಎಂದು ಯಾಕೆ ಪಟ್ಟು ಹಿಡಿದರು, 1932ರಲ್ಲಿ ಪೂನಾದಲ್ಲಿ ಏನು ಕಳೆದುಕೊಂಡರು ಎಂಬುದನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು. ಆದ್ದರಿಂದ ನಮ್ಮ ಬೇಡಿಕೆ ಬೇರೆ ಇರಬೇಕು. 17ನೇ ನಿಯಮದ ಆ 5 ಜಾಗಗಳಿಗೆ ಯಾರು ಹೋಗಬೇಕೆಂದು ಕೇರಿಗಳ ಬಹಿರಂಗ ಸಭೆಯಲ್ಲಿ ನಾವೇ ತೀರ್ಮಾನಿಸಿ, ಆ ಹೆಸರುಗಳನ್ನು ಜಿಲ್ಲಾಧಿಕಾರಿಯ ಮುಂದೆ ಇಡಬೇಕು. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ ಬರೆದುಕೊಡಿ ಎಂದು ಕೇಳಬೇಕು. ಹೋದವರು ಸಭೆ ಮುಗಿಸಿ ಬಂದು ಕೇರಿಯ ಕಟ್ಟೆಯ ಮೇಲೆ ಕೂತು, ಎಷ್ಟು ದೂರು ದಾಖಲಾಯಿತು, ಎಷ್ಟಕ್ಕೆ ಕೌಂಟರ್ ಕೇಸು ಹಾಕಿದರು, ಯಾವುದನ್ನು ರಾಜಿ ಮಾಡಿಸಿದರು ಎಂದು ಲೆಕ್ಕ ಒಪ್ಪಿಸಬೇಕು.

ಇದಕ್ಕೆ ಹೊಸ ಕಾನೂನು ಬೇಡ. ಇರುವ ಕಾನೂನನ್ನೇ ಓದಿ ಹೇಳುವವರು ಬೇಕು. ದೂರನ್ನು ಬರೆದುಕೊಂಡ ಮೇಲೆ ದೂರುದಾರರಿಗೆ ಓದಿ ಹೇಳಿ ಸಹಿ ತೆಗೆದುಕೊಳ್ಳಬೇಕು, ಪ್ರತಿ ಕೊಡಬೇಕು, ಬೇಕೆಂದೇ ಈ ಕರ್ತವ್ಯ ತಪ್ಪಿದ ನೌಕರ ಪರಿಶಿಷ್ಟನಲ್ಲದಿದ್ದರೆ ಆರು ತಿಂಗಳಿಂದ ಒಂದು ವರ್ಷ ಜೈಲು ಎಂದು ದೌರ್ಜನ್ಯ ತಡೆ ಕಾಯಿದೆಯ 4ನೇ ಕಲಮು ಹೇಳುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಠಾಣೆಯ ಪೂಜಾರಿಯ ಮುಂದೆ ಈ ಕಲಮನ್ನು ಜೋರಾಗಿ ಓದುವ ಒಬ್ಬ ಮೇಷ್ಟ್ರು, ಒಬ್ಬ ಕಾಲೇಜು ಹುಡುಗಿ ಪ್ರತಿ ಹೋಬಳಿಯಲ್ಲೂ ಇದ್ದರೆ ಆರಂಭಕ್ಕೆ ಅಷ್ಟು ಸಾಕು.

ಆ ಮುದುಕರ ದಾರಿಗೆ ಹಾಕಿದ ಬೇಲಿ ಇನ್ನೂ ಹಾಗೇ ಇದೆ. ಮುಂದಿನ ಸಭೆಗೆ ನಾವು ಹೋಗುತ್ತೇವೆ. ಈ ಸಲ ಟೀ ಕುಡಿಯುವುದಿಲ್ಲ, ಎದ್ದು ನಿಲ್ಲುತ್ತೇವೆ.