ಇದ್ದಲಿ ಧಾತು ಹ್ಯಾಂಗಾಯ್ತು?

ಪಾರಿಭಾಷಿಕ ಪದಗಳನ್ನು ಸಂಸ್ಕೃತದಿಂದ ಕಟ್ಟಿಕೊಂಡರೆ ಒಂದು ಭಾಷೆಯ ಮಗು ಇನ್ನೊಂದು ಭಾಷೆಯ ವಿಜ್ಞಾನವನ್ನು ತಡವರಿಸದೆ ಓದುತ್ತದೆ ಎಂಬ ಮಾತಿಗೆ ನಮ್ಮಲ್ಲಿ ಬಹಳ ಮರ್ಯಾದೆ. 1961ರಲ್ಲಿ ದೆಹಲಿಯಲ್ಲಿ ಪರಿಭಾಷಾ ಆಯೋಗ ಕೂತಾಗಿನಿಂದ ಇದನ್ನು ಕೇಳುತ್ತಲೇ ಇದ್ದೇವೆ. ಮಾತು ಖರೆಯೋ ಸುಳ್ಳೋ ತಿಳಿಯಲು ಮಹಾರಾಷ್ಟ್ರದ ಉಮರಗಾ ತಾಲೂಕಿನ ತುರೋರಿಗೆ ಬರಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುವ ಮಕ್ಕಳು ಇಲ್ಲಿದ್ದಾರೆ; 1956ರಲ್ಲಿ ಎಳೆದ ರಾಜ್ಯದ ಗಡಿ ಅವರ ಬೀಗರೂರುಗಳ ನಡುವೆಯೇ ಹಾದುಹೋಗಿದೆ.

ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಗಡಿಯಾಚೆಯ ಬಸವಕಲ್ಯಾಣದ ಚಿಕ್ಕಮ್ಮನ ಮಗನ ವಿಜ್ಞಾನ ಪುಸ್ತಕ ಬಿಡಿಸಿ ಕೂತಿದ್ದಳು. ‘ಇಂಗಾಲ ಒಂದು ಧಾತು’ ಎಂಬಲ್ಲಿ ನಿಂತಳು. ಒಲೆಯ ಬದಿಯಿಂದ ಇದ್ದಲಿ ತಂದು ಕಲ್ಲಿನ ಮೇಲಿಟ್ಟು ಕುಟ್ಟಿದಳು. “ಬಡದ್ರ ಪುಡಿ ಆಗ್ತದಲ್ರೀ ಕಾಕಾ, ಇದು ಧಾತು ಹ್ಯಾಂಗಾಯ್ತು?”

ಮರಾಠಿಯಲ್ಲಿ ಧಾತು ಅಂದರೆ ನಮ್ಮ ಲೋಹ. ತಟ್ಟಿದರೆ ತಗಡಾಗಬೇಕು, ಎಳೆದರೆ ತಂತಿಯಾಗಬೇಕು. ಇನ್ನು ಮರಾಠಿಯ ಲೋಹವೋ, ನಮ್ಮ ಕಬ್ಬಿಣ. ‘ತಾಮ್ರ ಒಂದು ಲೋಹ’ ಎಂಬ ನಮ್ಮ ನಿರಪಾಯದ ವಾಕ್ಯ ಆ ಹುಡುಗಿಯ ಕಿವಿಯಲ್ಲಿ ‘ತಾಮ್ರ ಒಂದು ಕಬ್ಬಿಣ’ ಆಗುತ್ತದೆ. ಅಣುವಿನ ಪಾಠದಲ್ಲಿ ಇನ್ನೂ ಕಷ್ಟ. ನಮ್ಮ ಪರಮಾಣುವಿಗೆ ಮರಾಠಿ ಅಣು ಎನ್ನುತ್ತದೆ. ನಮ್ಮ ಅಣುವಿಗೆ ರೇಣು ಎನ್ನುತ್ತದೆ. ನೀರಿನ ಒಂದು ಅಣುವಿನಲ್ಲಿ ಮೂರು ಪರಮಾಣುಗಳಿವೆ ಎಂದು ಕನ್ನಡ ಪುಸ್ತಕ ಹೇಳಿದರೆ, ಒಂದು ಪರಮಾಣುವಿನೊಳಗೆ ಮೂರು ಪರಮಾಣು ಹೇಗೆ ಕೂತವು ಎಂದು ಅವಳು ಕೇಳಬೇಕಾಗುತ್ತದೆ. ಶಾಲೆಯಲ್ಲೇ ಕಲಿಯುವ ಹಿಂದಿ ನಡುವೆ ಬಂದರೆ, ಅದು ಅಣುವಿನ ಮಟ್ಟಿಗೆ ಕನ್ನಡದ ಪಕ್ಷ, ಧಾತುವಿನ ಮಟ್ಟಿಗೆ ಮರಾಠಿಯ ಪಕ್ಷ. ಧಾತು, ಲೋಹ, ಅಣು ಮೂರೂ ಅಪ್ಪಟ ಸಂಸ್ಕೃತ ಪದಗಳೇ. ಅಪರಿಚಿತ ಪದವಾಗಿದ್ದರೆ ಮಗು ಅರ್ಥ ಕೇಳಿಕೊಳ್ಳುತ್ತಿತ್ತು. ಇದು ಗೊತ್ತಿರುವ ಪದ, ಹಾಗಾಗಿ ಈ ಹುಡುಗಿಯಂತೆ ನಿಂತು ಕೇಳದಿದ್ದರೆ ತಪ್ಪನ್ನೇ ನಂಬಿ ಮುಂದೆ ಹೋಗುತ್ತದೆ.

ಬಲ, ವೇಗ, ಜಡತ್ವ ಎರಡೂ ಕಡೆ ಒಂದೇ ಎಂಬುದು ನಿಜ, ಒಪ್ಪುತ್ತೇನೆ. ಆದರೆ ರಸಾಯನಶಾಸ್ತ್ರದ ಮೊದಲ ಮೆಟ್ಟಿಲೇ ಧಾತು ಮತ್ತು ಅಣು. ಅಲ್ಲಿ ಜಾರಿದ ಮಗುವಿಗೆ ಜಡತ್ವದ ಹೊಂದಾಣಿಕೆಯಿಂದ ಏನು ಸಮಾಧಾನ?

ಇದಕ್ಕೆಲ್ಲ ‘ಸೆಮಿ ಇಂಗ್ಲಿಷ್’ ಮದ್ದು ಎನ್ನುವವರ ಜೊತೆ ನನ್ನ ಜಗಳ ಹಳೆಯದು. ಗಣಿತ, ವಿಜ್ಞಾನ ಎರಡನ್ನೂ ಇಂಗ್ಲಿಷಿನಲ್ಲಿ ಕಲಿಸುವ ಮರಾಠಿ ಶಾಲೆಗಳು ಮಹಾರಾಷ್ಟ್ರದಲ್ಲಿ ಹಲವಿವೆ. ಎಲಿಮೆಂಟ್, ಮೆಟಲ್ ಎಂದುಬಿಟ್ಟರೆ ಗೊಂದಲವೇ ಇಲ್ಲವಂತೆ. ಗೊಂದಲವಿಲ್ಲ, ಸರಿ, ಪ್ರಶ್ನೆಯೂ ಇಲ್ಲ. ‘ಕಾರ್ಬನ್ ಈಸ್ ಆನ್ ಎಲಿಮೆಂಟ್’ ಎಂದು ಬಾಯಿಪಾಠ ಮಾಡಿದ್ದರೆ ಆ ಹುಡುಗಿ ಇದ್ದಲಿ ಕುಟ್ಟಲು ಏಳುತ್ತಲೇ ಇರಲಿಲ್ಲ. ಧಾತು ಎಂಬ ಪದಕ್ಕೆ ಅವಳಲ್ಲಿ ಒಂದು ಅರ್ಥವಿತ್ತು, ಅದನ್ನು ಕಲ್ಲಿನ ಮೇಲಿಟ್ಟು ಪರೀಕ್ಷಿಸಿದಳು. ವಿಜ್ಞಾನ ಅಂದರೆ ಅದೇ ಅಲ್ಲವೇ? ಪಠ್ಯ ಬರೆದವರಿಗೆ ಬರಬೇಕಾಗಿದ್ದ ಸಂಶಯ ಅವಳಿಗೆ ಬಂದಿದೆ.

ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಮರಾಠಿಯ ಜೊತೆಗೆ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಎರಡೂ ಭಾಷೆಯ ವಿಜ್ಞಾನದ ಪುಸ್ತಕಗಳು ಒಂದೇ ಸಂಸ್ಥೆಯಿಂದ ಹೊರಡುವಾಗ, ಹೀಗೆ ಕೈಕೊಡುವ ಹತ್ತಿಪ್ಪತ್ತು ಪದಗಳನ್ನು ಪಾಠದ ಅಂಚಿನಲ್ಲೇ ಎದುರುಬದುರು ಅಚ್ಚು ಮಾಡುವುದು ದೊಡ್ಡ ಕೆಲಸವಲ್ಲ. ಧಾತುವಿಗಂತೂ ಅಷ್ಟೂ ಬೇಡ. ನಮ್ಮ ಹಿಂದಿನ ವಿಜ್ಞಾನ ಬರಹಗಾರರು ಬಳಸುತ್ತಿದ್ದ ‘ಮೂಲವಸ್ತು’ ಕನ್ನಡದಲ್ಲಿ ಇದ್ದೇ ಇದೆ. ಮರಾಠಿಯಲ್ಲಿ ಅದಕ್ಕೆ ‘ಮೂಲದ್ರವ್ಯ’ ಅನ್ನುತ್ತಾರೆ. ನಾನು ಹಾಗೆಂದು ಹೇಳಿದಾಗ ಹುಡುಗಿ ಪುಡಿಯಾದ ಇದ್ದಲಿಯನ್ನು ಅಂಗೈಗೆ ಬಳಿದುಕೊಂಡು ನೋಡಿದಳು. “ಅಂದ್ರ ಇನ್ನಾ ಪುಡಿ ಮಾಡಿದ್ರೂ ಇಂಗಾಲಾನೇ ಇರ್ತದೇನ್ರೀ?”